ಎಚ್‌ವಿಎಲ್‌ಪಿ: ‘ಲೋ ಪ್ರೆಶರ್’ ಇರುವುದು ಎಲ್ಲಿ?

‘ಎಚ್‌ವಿಎಲ್‌ಪಿ ಅಂದ್ರೆ ಲೋ ಪ್ರೆಶರ್ ಗನ್. ರೆಗ್ಯುಲೇಟರ್ 10 ಪಿಎಸ್‌ಐಗೆ ಇಳಿಸಿ ಹೊಡೀರಿ.’ ಕಾರಿಗೆ ಸ್ಪ್ರೇ ಗನ್‌ನಲ್ಲಿ ಪೇಂಟ್ ಹೊಡೆಯುವ ವಿಷಯ ಬಂದಾಗಲೆಲ್ಲ ಯಾರಾದರೊಬ್ಬರು ಈ ಸಲಹೆ ಕೊಡುತ್ತಾರೆ. ಕೇಳಿದವರು ನಂಬಿ, ಗಾಳಿಯ ಒತ್ತಡ ಹೊಂದಿಸುವ ರೆಗ್ಯುಲೇಟರನ್ನು ಹಾಗೇ 10 ಪಿಎಸ್‌ಐಗೆ (ಪಿಎಸ್‌ಐ ಅಂದರೆ ಒತ್ತಡದ ಅಳತೆ) ಇಳಿಸುತ್ತಾರೆ. ಕ್ಲಿಯರ್‌ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಕಿತ್ತಳೆ ಸಿಪ್ಪೆಯ ಹಾಗೆ ಏಳುತ್ತದೆ. ಆಮೇಲೆ ಗನ್ ಸರಿ ಇಲ್ಲ, ತಿನ್ನರ್ ಸರಿ ಇಲ್ಲ ಅನ್ನುತ್ತಾರೆ. ಎರಡೂ ಸರಿಯಾಗೇ ಇರುತ್ತವೆ.

ಹೈ ವಾಲ್ಯೂಮ್, ಲೋ ಪ್ರೆಶರ್. ಗಾಳಿ ಜಾಸ್ತಿ, ಒತ್ತಡ ಕಮ್ಮಿ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಒತ್ತಡ ಎಲ್ಲಿ ಕಮ್ಮಿ? ಏರ್ ಕ್ಯಾಪ್‌ನಲ್ಲಿ. ಅಂದರೆ ಗಾಳಿ ಬಣ್ಣವನ್ನು ಒಡೆದು ಹೊರಗೆ ತಳ್ಳುವ ಆ ಕೊನೆಯ ತೂತುಗಳಲ್ಲಿ. 10 ಪಿಎಸ್‌ಐ, ಅಂದರೆ ಸುಮಾರು 0.7 ಬಾರ್ ಅನ್ನುವ ಮಿತಿ ಅಲ್ಲಿಗೆ ಮಾತ್ರ. ಗನ್‌ನ ಹಿಡಿಯ ಕೆಳಗೆ ಪೈಪ್ ಸೇರುವ ಜಾಗಕ್ಕೂ ಆ ಮಿತಿಗೂ ಸಂಬಂಧವಿಲ್ಲ. ಗನ್ ಒಳಗಿನ ಇಕ್ಕಟ್ಟಾದ ದಾರಿ ದಾಟುವಾಗ ಒತ್ತಡ ಬೀಳುತ್ತದೆ. ಕ್ಯಾಪ್‌ನಲ್ಲಿ 10 ಸಿಗಬೇಕಾದರೆ ಹಿಡಿಯ ಹತ್ತಿರ ಅದಕ್ಕಿಂತ ತುಂಬಾ ಜಾಸ್ತಿ ಬೇಕು. ಎಷ್ಟೋ ಗನ್‌ಗಳಿಗೆ ಅದು 26ರಿಂದ 29 ಪಿಎಸ್‌ಐ, ಅಂದರೆ ಹೆಚ್ಚು ಕಮ್ಮಿ 2 ಬಾರ್. ನಿಮ್ಮ ಗನ್‌ನದ್ದು ಎಷ್ಟು ಅನ್ನೋದು ಹಿಡಿಯ ಮೇಲೋ ಜೊತೆಗೆ ಬಂದ ಚೀಟಿಯಲ್ಲೋ ಇರುತ್ತದೆ. ದಯವಿಟ್ಟು ಅದನ್ನೊಮ್ಮೆ ಓದಿ.

ಕ್ಯಾಪ್‌ನಲ್ಲೇ ಅಳೆಯುವುದಕ್ಕೆ ಕಾರಣ ಇದೆ. ಕ್ಯಾಲಿಫೋರ್ನಿಯಾದ ವಾಯುಮಾಲಿನ್ಯ ನಿಯಮಗಳು ಎಚ್‌ವಿಎಲ್‌ಪಿ ಅಂದರೇನು ಎಂದು ಹೇಳುವುದೇ ಕ್ಯಾಪ್‌ನಲ್ಲಿರುವ ಒತ್ತಡದ ಲೆಕ್ಕದಲ್ಲಿ. ಕ್ಯಾಪ್‌ನಲ್ಲಿ ಒತ್ತಡ ಜಾಸ್ತಿಯಾದಷ್ಟೂ ಬಣ್ಣದ ಹನಿಗಳು ಕಾರಿಗೆ ಬಡಿದು ವಾಪಸ್ ಹಾರುತ್ತವೆ, ಗಾಳಿಗೆ ಸೇರುತ್ತವೆ. ಅದನ್ನು ತಡೆಯುವುದೇ ಉದ್ದೇಶ. ಗೋಡೆಯ ಮೇಲಿನ ರೆಗ್ಯುಲೇಟರ್ ಎಷ್ಟು ತೋರಿಸುತ್ತದೆ ಅನ್ನೋದು ಆ ನಿಯಮಕ್ಕೆ ಬೇಕಿಲ್ಲ.

ಗೇಜ್ ನೋಡುವುದರಲ್ಲೂ ಇದೇ ಗೊಂದಲ. ಟ್ರಿಗರ್ ಬಿಟ್ಟಾಗ ಗೇಜ್ ತೋರಿಸುವ ಅಂಕಿ ಕೆಲಸಕ್ಕೆ ಬಾರದು. ಗಾಳಿ ಹರಿಯದಿದ್ದಾಗ ಒತ್ತಡ ಬೀಳುವುದೇ ಇಲ್ಲ. ಟ್ರಿಗರ್ ಒತ್ತಿ, ಗಾಳಿ ಹರಿಯುತ್ತಿರುವಾಗಲೇ ಹೊಂದಿಸಬೇಕು. ಅದೂ ಹಿಡಿಗೆ ಹಾಕಿದ ಗೇಜ್‌ನಲ್ಲಿ. ಉದ್ದದ ಸಣ್ಣ ಪೈಪು, ಇಕ್ಕಟ್ಟಾದ ಕಪ್ಲರ್ (ಪೈಪ್ ಜೋಡಿಸುವ ಕೊಂಡಿ) ಇದ್ದರೆ ಗೋಡೆಯಿಂದ ಗನ್‌ಗೆ ಬರುವಷ್ಟರಲ್ಲಿ 10 ಪಿಎಸ್‌ಐ ಕಳೆದುಹೋದರೂ ಆಶ್ಚರ್ಯವಿಲ್ಲ.

ಇನ್ನು ಹೆಸರಿನ ಮೊದಲರ್ಧ, ‘ಹೈ ವಾಲ್ಯೂಮ್’. ಅದನ್ನಂತೂ ಯಾರೂ ಲೆಕ್ಕಕ್ಕೇ ತಗೊಳ್ಳೋದಿಲ್ಲ. ಒತ್ತಡ ಕಮ್ಮಿ ಅಂದಮೇಲೆ ಸಣ್ಣ ಕಂಪ್ರೆಸರ್ ಸಾಕು ಅಂದುಕೊಳ್ಳುತ್ತಾರೆ. ನಿಜ ಇದಕ್ಕೆ ಪೂರ್ತಿ ಉಲ್ಟಾ. ಒತ್ತಡದಿಂದ ಆಗದ ಕೆಲಸವನ್ನು ಗಾಳಿಯ ಪ್ರಮಾಣ ಮಾಡಬೇಕು. ಪೂರ್ತಿ ಗಾತ್ರದ ಗನ್ ನಿಮಿಷಕ್ಕೆ 10ರಿಂದ 15 ಘನ ಅಡಿ ಗಾಳಿ ಎಳೆಯುತ್ತದೆ. ಬಾನೆಟ್‌ನ ಅರ್ಧಕ್ಕೆ ಬರುವಾಗ ಟ್ಯಾಂಕ್ ಖಾಲಿಯಾದರೆ ಉಳಿದರ್ಧ ಒರಟಾಗುತ್ತದೆ.

ಬೇಸ್ (ಬಣ್ಣದ ಪದರ), ಕ್ಲಿಯರ್ ಎರಡಕ್ಕೂ ಸಾಮಾನ್ಯವಾಗಿ 1.3 ಅಥವಾ 1.4 ಮಿ.ಮೀ. ನಾಝಲ್ ನಡೆಯುತ್ತದೆ. ಫ್ಯಾನ್, ಅಂದರೆ ಬಣ್ಣ ಹರಡುವ ಅಗಲ, ಪೂರ್ತಿ ತೆರೆದು, ಒತ್ತಡ ಹೊಂದಿಸಿ, ಕೊನೆಗೆ ಬಣ್ಣದ ನಾಬ್ ತಿರುಗಿಸಿ. ಗೋಡೆಗೆ ಅಂಟಿಸಿದ ಕಾಗದದ ಮೇಲೆ ಒಮ್ಮೆ ಹೊಡೆದು ನೋಡಿ. ಹನಿ ದಪ್ಪ ಇದ್ದರೆ ಒತ್ತಡ ಸಾಲದು. ಒಣಗಿ ಪುಡಿಪುಡಿಯಾಗಿ ಕೂತರೆ ಒತ್ತಡ ಜಾಸ್ತಿ, ಇಲ್ಲವೇ ಬಣ್ಣ ಕಮ್ಮಿ. ಮೆಟಾಲಿಕ್ ಬೇಸ್‌ನಲ್ಲಿ ಒತ್ತಡ ಸಾಲದಿದ್ದರೆ ಕೋಟ್ ವಿಪರೀತ ಒದ್ದೆಯಾಗಿ ಕೂರುತ್ತದೆ, ಹೊಳೆಯುವ ಲೋಹದ ಫ್ಲೇಕ್‌ಗಳು ಗುಂಪುಗೂಡಿ ಮೋಡಮೋಡವಾಗುತ್ತದೆ. ಕ್ಲಿಯರ್‌ನಲ್ಲಿ ಅದೇ ತಪ್ಪು ಮೇಲೆ ಹೇಳಿದ ಕಿತ್ತಳೆ ಸಿಪ್ಪೆ.

ಮೆಟಾಲಿಕ್‌ನ ಕೊನೆಯ ಡ್ರಾಪ್ ಕೋಟ್‌ಗೆ (ಫ್ಲೇಕ್ ಸಮನಾಗಿ ಕೂರಲು ಹೊಡೆಯುವ ತೆಳು ಕೋಟ್) ಪ್ರೆಶರ್ ಇಳಿಸಿ ಅಂತ ಹಳಬರು ಹೇಳುವುದುಂಟು. ಅದು ಸರಿಯಾದ ಮಾತೇ. ಆದರೆ ಅವರು ಇಳಿಸುವುದು ಸರಿಯಾಗಿ ಹೊಂದಿಸಿದ ಒತ್ತಡದಿಂದ ಸ್ವಲ್ಪ, ಗನ್ನನ್ನೂ ಸ್ವಲ್ಪ ದೂರ ಹಿಡಿದು. 10ಕ್ಕೆ ಇಳಿಸಿ ಅಂತ ಅಲ್ಲ.

ಇನ್ನೊಂದು ಮಾತು. ‘ರೆಡ್ಯೂಸ್ಡ್ ಪ್ರೆಶರ್’ ಅಂತ ಮಾರುವ ಗನ್‌ಗಳು ಎಚ್‌ವಿಎಲ್‌ಪಿ ಅಲ್ಲ. ಅವುಗಳ ಕ್ಯಾಪ್‌ನಲ್ಲಿ 10 ದಾಟುತ್ತದೆ, ಗಾಳಿ ಕಮ್ಮಿ ಬೇಕಾಗುತ್ತದೆ. ಒಂದರ ಸೆಟ್ಟಿಂಗ್ ಇನ್ನೊಂದಕ್ಕೆ ಹೇಳಬೇಡಿ.