ಕಾಫಿಯ ಸಕ್ಕರೆ ಒಮ್ಮೆಲೇ ಬಿಡಬೇಡಿ, ಕಾಲು ಚಮಚ ಇಳಿಸಿ

ಸಕ್ಕರೆ ಕಡಿಮೆ ಮಾಡಬೇಕೆಂದು ಹೊರಟವರು ಮೊದಲು ಬಿಡುವುದು ಹೋಳಿಗೆ, ಜಾಮೂನು, ಬೇಕರಿ ತಿಂಡಿ. ಹಬ್ಬಕ್ಕೋ ಮದುವೆಗೋ ತಿನ್ನುವ ಪದಾರ್ಥಗಳಿವು. ದಿನಕ್ಕೆ ನಾಲ್ಕು ಸಲ ಕೈಗೆ ಬರುವ ಕಾಫಿ, ಟೀ ಮಾತ್ರ ಲೆಕ್ಕಕ್ಕೇ ಬರುವುದಿಲ್ಲ.

ಮಟ್ಟಸವಾಗಿ ತುಂಬಿದ ಒಂದು ಟೀ ಚಮಚದಲ್ಲಿ ಸುಮಾರು 4 ಗ್ರಾಂ ಸಕ್ಕರೆ ಇರುತ್ತದೆ. ಲೋಟಕ್ಕೆ ಎರಡು ಚಮಚದಂತೆ ನಾಲ್ಕು ಲೋಟಕ್ಕೆ 32 ಗ್ರಾಂ. ಚಮಚದ ಮೇಲೆ ಗುಡ್ಡೆ ನಿಲ್ಲುವಂತೆ ತೆಗೆದರೆ ಇದು 50 ಗ್ರಾಂ ಮುಟ್ಟಬಹುದು. ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಲ್ಲ, ಜೇನುತುಪ್ಪ, ಹಣ್ಣಿನ ರಸದ ಸಕ್ಕರೆಯೂ ಇದರಲ್ಲೇ ಸೇರಿದೆ. ಬೆಲ್ಲದ ಕಾಫಿ ಕುಡಿದರೆ ಲೆಕ್ಕ ಬದಲಾಗುವುದಿಲ್ಲ. ಬೆಲ್ಲದಲ್ಲೂ ಬಹುಪಾಲು ಸಕ್ಕರೆಯೇ.

ಮೊದಲ ವಾರ ಏನನ್ನೂ ಬಿಡಬೇಡಿ. ಡಬ್ಬಿಯಲ್ಲಿರುವ ದೊಡ್ಡ ಚಮಚ ತೆಗೆದು ಟೀ ಚಮಚ ಇಡಿ, ಗುಡ್ಡೆಯನ್ನು ಡಬ್ಬಿಯ ಅಂಚಿಗೆ ಸವರಿ ಮಟ್ಟ ಮಾಡಿ. ಅಷ್ಟರಿಂದಲೇ ಸಾಕಷ್ಟು ಇಳಿಯುತ್ತದೆ. ಆಮೇಲೆ ಹತ್ತು ದಿನಕ್ಕೊಮ್ಮೆ ಲೋಟಕ್ಕೆ ಕಾಲು ಚಮಚ ಇಳಿಸಿ. ಎರಡು ಚಮಚದಿಂದ ಅರ್ಧ ಚಮಚಕ್ಕೆ ಬರಲು ಎರಡು ತಿಂಗಳು ಬೇಕು. ನಿಧಾನ ಅನ್ನಿಸಿದರೂ ನಾಲಿಗೆ ಪಳಗುವುದು ಹೀಗೆಯೇ. ಒಂದೇ ದಿನ ಪೂರ್ತಿ ನಿಲ್ಲಿಸಿದವರಿಗೆ ಕಾಫಿ ಕಷಾಯದಂತೆ ಕಹಿಯಾಗಿ, ವಾರದೊಳಗೆ ಮತ್ತೆ ಹಳೇ ಎರಡು ಚಮಚವೇ ಗತಿಯಾಗುತ್ತದೆ.

ಹೆಚ್ಚಿನ ಮನೆಗಳಲ್ಲಿ ಕೆಲಸ ಕೆಡುವುದು ಪಾತ್ರೆಯಲ್ಲಿ. ಎಲ್ಲರ ಟೀಗೂ ಒಟ್ಟಿಗೆ ಸಕ್ಕರೆ ಹಾಕಿ ಕುದಿಸಿದರೆ ಒಬ್ಬರು ಕಡಿಮೆ ಮಾಡಲು ದಾರಿಯೇ ಇರುವುದಿಲ್ಲ. ಸಕ್ಕರೆ ಹಾಕದೆ ಸೋಸಿ, ಅವರವರ ಲೋಟಕ್ಕೆ ಅವರವರೇ ಹಾಕಿಕೊಳ್ಳಲಿ. "ಪಾಪ, ಸಪ್ಪೆ ಆಗುತ್ತೆ" ಎಂದು ಪ್ರೀತಿಯಿಂದ ಇನ್ನರ್ಧ ಚಮಚ ಸುರಿಯುವ ಕೈಗೂ ಈ ವಿಷಯ ಮೊದಲೇ ಹೇಳಿಡಬೇಕು. ಹೋಟೆಲಿನಲ್ಲಿ "ಸಕ್ಕರೆ ಕಡಿಮೆ" ಅಂದರೆ ಎಷ್ಟು ಎಂಬುದು ಮಾಡುವವರ ಅಂದಾಜು. ಸಕ್ಕರೆ ಇಲ್ಲದ ಕಾಫಿ ಹೇಳಿ, ಬೇಕಾದಷ್ಟು ನೀವೇ ಹಾಕಿಕೊಳ್ಳಿ. ಬೈ-ಟು ಹೇಳಿದರೆ ಅಲ್ಲೇ ಅರ್ಧ ಉಳಿಯಿತು.

ಕಹಿ ತಡೆಯಲಾಗದಿದ್ದರೆ ಪುಡಿಯ ಪೊಟ್ಟಣ ತಿರುಗಿಸಿ ನೋಡಿ. ಕಾಫಿಗೆ ಬೆರೆಸುವ ಚಿಕೋರಿ ಬೇರಿನ ಪುಡಿ ಎಷ್ಟು ಶೇಕಡಾ ಎಂದು ಅಲ್ಲಿ ಬರೆದಿರುತ್ತದೆ. ಶೇ 49ರವರೆಗೂ ಬೆರೆಸಬಹುದು. ಚಿಕೋರಿ ಹೆಚ್ಚಿದಷ್ಟೂ ಡಿಕಾಕ್ಷನ್ ಕಪ್ಪಾಗಿ ಕಹಿಯಾಗುತ್ತದೆ, ಅದನ್ನು ಮುಚ್ಚಲು ಸಕ್ಕರೆ ಬೇಕಾಗುತ್ತದೆ. ಶೇ 20ರ ಪುಡಿಗೆ ಬದಲಾಯಿಸಿ, ಆದರೆ ಅದರಲ್ಲಿ ಕಾಫಿಯ ಪಾಲು, ಹಾಗಾಗಿ ಕೆಫೀನ್ ಹೆಚ್ಚಿರುವುದರಿಂದ ಡಿಕಾಕ್ಷನ್ ಸ್ವಲ್ಪ ತೆಳ್ಳಗಿರಲಿ. ಬಿಸಿ ಇರುವಾಗಲೇ ಕುಡಿಯಿರಿ, ಆರಿದ ಕಾಫಿಯಲ್ಲಿ ಸಿಹಿ ಕಡಿಮೆ ಅನ್ನಿಸುತ್ತದೆ.

ಸಕ್ಕರೆ ಇಳಿಸುವ ದಿನಗಳಲ್ಲಿ ಲೋಟಗಳ ಸಂಖ್ಯೆಯನ್ನು ಇಳಿಸಬೇಡಿ. ನಾಲ್ಕು ಲೋಟದವರು ದಿಢೀರನೆ ಒಂದಕ್ಕೆ ಬಂದರೆ 12ರಿಂದ 24 ಗಂಟೆಯೊಳಗೆ ತಲೆನೋವು, ಮಂಪರು, ಸಿಡುಕು ಶುರುವಾಗಬಹುದು. ಅದು ಕೆಫೀನ್ ತಪ್ಪಿದ್ದರಿಂದ ಆಗುವುದು, ಎರಡರಿಂದ ಒಂಬತ್ತು ದಿನ ಇರಬಹುದು. ಅದನ್ನೇ "ಸಕ್ಕರೆ ಬಿಟ್ಟಿದ್ದಕ್ಕೆ ನಿಶ್ಶಕ್ತಿ" ಎಂದುಕೊಂಡು ಪ್ರಯತ್ನವನ್ನೇ ಕೈಬಿಡುವವರು ಇದ್ದಾರೆ. ಸಕ್ಕರೆ ಅರ್ಧ ಚಮಚದಲ್ಲಿ ನಿಂತ ಮೇಲೆ, ವಾರಕ್ಕೊಂದು ಲೋಟದಂತೆ ಬಿಡಿ. ಊಟ-ತಿಂಡಿಯ ಜೊತೆಗಿನ ಲೋಟವನ್ನೇ ಮೊದಲು ಬಿಡಿ. ಕಾಫಿ, ಟೀ ಆಹಾರದ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. ರಕ್ತಹೀನತೆ ಇರುವವರು ಊಟಕ್ಕೆ ಹಿಂದೆ-ಮುಂದೆ ಒಂದು ಗಂಟೆ ಅಂತರ ಇಡಲೇಬೇಕು.

ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಶುರುಮಾಡುವ ಮುನ್ನ ವೈದ್ಯರಿಗೆ ತಿಳಿಸಿ, ಔಷಧದ ಪ್ರಮಾಣ ಬದಲಿಸಬೇಕಾಗಬಹುದು. ನಡುಕ, ಬೆವರು ಬಂದು ರಕ್ತದ ಸಕ್ಕರೆ 70 mg/dLಗಿಂತ ಕೆಳಗಿಳಿದಾಗ ಈ ಪಥ್ಯ ಬದಿಗಿಟ್ಟು, ಎಚ್ಚರವಿದ್ದರೆ ಕೂಡಲೇ ಮೂರರಿಂದ ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ.