ಹೊಟ್ಟೆಗೆ ತುಂಬುವ ಗ್ಯಾಸು: ಸಿಸ್ಟೋಸ್ಕೋಪಿನಿಂದ ಸೈಕಲ್ ಪಂಪಿನವರೆಗೆ

ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೋಸ್ಕೋಪಿ (ಸಣ್ಣ ತೂತುಗಳ ಮೂಲಕ ಮಾಡುವ ಕೀಹೋಲ್ ಆಪರೇಷನ್) ಮಾಡಿಸಿಕೊಂಡ ಅನೇಕರು ಮರುದಿನ ಕೇಳುವುದು ಇದನ್ನೇ: ‘ಕೊಯ್ದಿದ್ದು ಹೊಟ್ಟೆ, ಭುಜ ಯಾಕೆ ನೋಯ್ತಿದೆ ಡಾಕ್ಟ್ರೇ?’ ‘ಗ್ಯಾಸ್ ನೋವು, ಎರಡು ದಿನ ಇರುತ್ತೆ’ ಎನ್ನುತ್ತಾರೆ ವಾರ್ಡಿನ ಸಿಸ್ಟರ್. ಮಾತು ಸರಿ, ಆದರೆ ಇದು ತಿಂದದ್ದರಿಂದ ಆದ ಗ್ಯಾಸಲ್ಲ. ಆಪರೇಷನ್‌ಗೆಂದು ಹೊರಗಿನಿಂದ ತುಂಬಿದ ಕಾರ್ಬನ್ ಡೈಆಕ್ಸೈಡ್. ಅದು ಎದೆ-ಹೊಟ್ಟೆಗಳ ನಡುವಿನ ಪರದೆಯಾದ ವಪೆಯನ್ನು ಕೆರಳಿಸುತ್ತದೆ. ವಪೆಯ ನರವೂ ಭುಜದ ನರವೂ ಹೊರಡುವುದು ಕುತ್ತಿಗೆಯಿಂದಲೇ ಆದ್ದರಿಂದ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ.

ಕೀಹೋಲ್ ಸರ್ಜರಿ ಎಂದರೆ ಎಲ್ಲರ ಬಾಯಲ್ಲೂ ಕ್ಯಾಮೆರಾ, ಈಚೆಗೆ ರೋಬೋ. ನನ್ನ ಪ್ರಕಾರ ವೈದ್ಯರ ತಲೆ ಹೆಚ್ಚು ತಿಂದದ್ದು ಈ ಗ್ಯಾಸು. ಹೊಟ್ಟೆಯೊಳಗೆ ಖಾಲಿ ಜಾಗವೆಂಬುದಿಲ್ಲ. ಕರುಳು, ಯಕೃತ್ತು ಎಲ್ಲ ಒತ್ತೊತ್ತಾಗಿ ಕೂತಿರುತ್ತವೆ. ಹೊಟ್ಟೆಯ ಗೋಡೆಯನ್ನು ಮೇಲೆತ್ತದಿದ್ದರೆ ಒಳಗೆ ಏನೂ ಕಾಣದು, ಕತ್ತರಿ ಆಡಿಸುವುದಂತೂ ದೂರ.

1901ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ವೈದ್ಯ ಗೆಯೋರ್ಗ್ ಕೆಲ್ಲಿಂಗ್ ನಾಯಿಯೊಂದರ ಹೊಟ್ಟೆಗೆ ಹತ್ತಿಯಲ್ಲಿ ಸೋಸಿದ ಗಾಳಿ ತುಂಬಿ, ಮೂತ್ರಕೋಶ ನೋಡಲು ಬಳಸುತ್ತಿದ್ದ ಸಿಸ್ಟೋಸ್ಕೋಪನ್ನು ಒಳಗೆ ಇಳಿಸಿ ತೋರಿಸಿದರು. ಅವರ ತಲೆಯಲ್ಲಿ ಮೊದಲು ಇದ್ದದ್ದು ನೋಡುವ ಯೋಚನೆಯಲ್ಲ. ಗಾಳಿಯ ಒತ್ತಡದಿಂದ ಒಳಗಿನ ರಕ್ತಸ್ರಾವ ನಿಲ್ಲಿಸಬಹುದೇ ಎಂಬ ಯೋಚನೆ. 1910ರಲ್ಲಿ ಸ್ಟಾಕ್‌ಹೋಮ್‌ನ ಹಾನ್ಸ್ ಕ್ರಿಸ್ಟಿಯನ್ ಜಾಕೋಬಿಯಸ್ ಮನುಷ್ಯರಲ್ಲಿ ಮಾಡಿದ ಪರೀಕ್ಷೆಗಳ ವರದಿ ಪ್ರಕಟಿಸಿದರು.

ಮಾಮೂಲಿ ಗಾಳಿಯಲ್ಲಿ ಒಂದು ಅಪಾಯವಿದೆ. ಅದರ ನೈಟ್ರೋಜನ್ ರಕ್ತದಲ್ಲಿ ಬೇಗ ಕರಗುವುದಿಲ್ಲ. ಗುಳ್ಳೆ ರಕ್ತನಾಳ ಹೊಕ್ಕು ಹೃದಯ ತಲುಪಿದರೆ ಜೀವಕ್ಕೇ ಸಂಚಕಾರ. ಕಾರ್ಬನ್ ಡೈಆಕ್ಸೈಡ್ ಬೇಗ ಕರಗಿ ಉಸಿರಿನಲ್ಲಿ ಹೊರಹೋಗುತ್ತದೆ, ಬೆಂಕಿಯನ್ನೂ ಹೊತ್ತಿಸುವುದಿಲ್ಲ. 1924ರಲ್ಲೇ ಸ್ವಿಟ್ಜರ್ಲೆಂಡಿನ ರಿಚರ್ಡ್ ಝೊಲಿಕೋಫರ್ ಅದನ್ನು ಬಳಸಿದ್ದರು.

ತುಂಬುವುದಾದರೂ ಯಾವುದರಿಂದ? ಸೂಜಿ ಕರುಳಿಗೆ ನಾಟಿದರೆ ಗತಿಯೇನು? ಇದಕ್ಕೆ ಪರಿಹಾರ ಸಿಕ್ಕಿದ್ದು ಕ್ಷಯರೋಗದ ವಾರ್ಡಿನಲ್ಲಿ. ಆಗ ಎದೆಗೂಡಿಗೆ ಗಾಳಿ ತುಂಬಿ ರೋಗದ ಶ್ವಾಸಕೋಶವನ್ನು ಕುಗ್ಗಿಸಿ ವಿಶ್ರಾಂತಿ ಕೊಡುವ ಚಿಕಿತ್ಸೆಯಿತ್ತು. ಹಂಗೇರಿಯ ಯಾನೋಶ್ ವೆರೆಶ್ 1938ರಲ್ಲಿ ಪ್ರಕಟಿಸಿದ್ದು ಅದಕ್ಕೆಂದೇ ಮಾಡಿದ ಸೂಜಿ. ಹೊರಗಿನ ಕೊಳವೆ ಚೂಪು, ಒಳಗೆ ಸ್ಪ್ರಿಂಗ್ ಮೇಲೆ ಕೂತ ಮೊಂಡು ಕಡ್ಡಿ. ಗಟ್ಟಿ ಪದರ ದಾಟುವಾಗ ಕಡ್ಡಿ ಹಿಂದೆ ಸರಿಯುತ್ತದೆ, ದಾಟಿದೊಡನೆ ಟಕ್ಕನೆ ಮುಂದೆ ಬಂದು ಚೂಪನ್ನು ಮುಚ್ಚುತ್ತದೆ. ಇವತ್ತಿಗೂ ಸರ್ಜನ್ನರು ಹೊಕ್ಕುಳ ಬಳಿ ಆ ಟಕ್ಕನ್ನು ಬೆರಳಲ್ಲೇ ಗುರುತಿಸುತ್ತಾರೆ. ಆಮೇಲೆ ಸೂಜಿಯ ತಲೆಗೆ ಒಂದು ಹನಿ ಸಲೈನ್ ಬಿಟ್ಟು ಹೊಟ್ಟೆಯ ಚರ್ಮ ಎತ್ತುತ್ತಾರೆ. ಹನಿ ಒಳಗೆ ಎಳೆದುಕೊಂಡರೆ ಸೂಜಿ ಸರಿಯಾದ ಜಾಗದಲ್ಲಿದೆ ಎಂಬ ಅಂದಾಜು. ಸೂಜಿ ಕುರುಡು ಕುರುಡಾಗಿಯೇ ಹೋಗುತ್ತದೆ ಎಂಬ ಆಕ್ಷೇಪವೂ ಹಳೆಯದು. ಅದಕ್ಕಾಗಿಯೇ ಶಿಕಾಗೋದ ಹ್ಯಾರಿತ್ ಹ್ಯಾಸನ್ 1971ರಲ್ಲಿ, ಚಿಕ್ಕದಾಗಿ ಕೊಯ್ದು ಕಣ್ಣಾರೆ ನೋಡಿಯೇ ಕೊಳವೆ ಇಳಿಸುವ ವಿಧಾನ ತಂದರು.

ಜರ್ಮನಿಯ ಸ್ತ್ರೀರೋಗ ತಜ್ಞ ಕುರ್ಟ್ ಸೆಮ್ 1960ರ ದಶಕದಲ್ಲಿ ಮಾಡಿದ ಯಂತ್ರ ಒತ್ತಡವನ್ನು ತಾನೇ ಅಳೆದು ಬೇಕಾದಷ್ಟೇ ಗ್ಯಾಸ್ ಬಿಡುತ್ತಿತ್ತು. ಈಗಿನ ಇನ್‌ಸಫ್ಲೇಟರ್‌ಗಳೂ (ಗ್ಯಾಸ್ ತುಂಬುವ ಯಂತ್ರಗಳು) ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಹೊಟ್ಟೆಯನ್ನು ಹಿಡಿದಿಡುತ್ತವೆ. ಇದೇ ಸೆಮ್ 1980ರಲ್ಲಿ ಅಪೆಂಡಿಕ್ಸನ್ನು ಲ್ಯಾಪ್ರೋಸ್ಕೋಪಿಯಲ್ಲಿ ತೆಗೆದಾಗ ಸರ್ಜನ್ನರು ಕೆಂಡವಾದರು. 1985ರಲ್ಲಿ ಅದೇ ರೀತಿ ಪಿತ್ತಕೋಶ ತೆಗೆದ ಜರ್ಮನಿಯ ಸರ್ಜನ್ ಎರಿಕ್ ಮ್ಯೂಹೆ ಅವರಿಗೂ ಸಿಕ್ಕಿದ್ದು ಮೂದಲಿಕೆ. ಮ್ಯೂಹೆ ಕೆಲವೇ ಆಪರೇಷನ್‌ಗಳ ನಂತರ ಗ್ಯಾಸನ್ನೇ ಬಿಟ್ಟು, ಪಕ್ಕೆಲುಬಿನ ಕಮಾನಿನ ಆಸರೆಯಲ್ಲಿ ಬರೀ ಕೊಳವೆಯ ಮೂಲಕ ಕೆಲಸ ಮಾಡಿದರು. ಇದನ್ನು ನೆನಪಿಸುವವರು ಕಡಿಮೆ.

ಭಾರತದಲ್ಲಿ ಮುಂಬೈನ ತೆಹಮ್ಟನ್ ಉದ್ವಾಡಿಯಾ 1972ರಲ್ಲೇ ರೋಗಪತ್ತೆಗೆ ಲ್ಯಾಪ್ರೋಸ್ಕೋಪಿ ಶುರುಮಾಡಿ, 1990ರಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ದೇಶದ ಮೊದಲ ಲ್ಯಾಪ್ರೋಸ್ಕೋಪಿಕ್ ಪಿತ್ತಕೋಶ ಶಸ್ತ್ರಚಿಕಿತ್ಸೆ ಮಾಡಿದರು. ಆದರೆ ಹಳ್ಳಿಗಳಿಗೆ ಈ ಉಪಕರಣ ಮುಟ್ಟಿದ್ದು ಹೆಚ್ಚಾಗಿ ಸಂತಾನಹರಣ ಕ್ಯಾಂಪುಗಳ ಮೂಲಕ. 2014ರ ನವೆಂಬರಿನಲ್ಲಿ ಒಡಿಶಾದ ಅಂಗುಲ್ ಜಿಲ್ಲೆಯ ಕ್ಯಾಂಪೊಂದರಲ್ಲಿ 56 ಮಹಿಳೆಯರ ಹೊಟ್ಟೆಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆದದ್ದು ಬಯಲಾಯಿತು. ಸೋಸುವ ವ್ಯವಸ್ಥೆಯಿಲ್ಲ, ಒತ್ತಡ ತೋರಿಸುವ ಮುಳ್ಳಿಲ್ಲ, ಒಳಹೋದದ್ದು ಅದೇ ನೈಟ್ರೋಜನ್ ತುಂಬಿದ ಗಾಳಿ. ಕೆಲ್ಲಿಂಗ್ ನಾಯಿಗಾದರೂ ಹತ್ತಿಯಲ್ಲಿ ಸೋಸಿದ್ದರು! ಅದೇ ತಿಂಗಳು ಛತ್ತೀಸಗಢದ ಬಿಲಾಸ್‌ಪುರದಲ್ಲಿ ಇಂಥದೇ ಕ್ಯಾಂಪಿನ ನಂತರ ಹಲವು ಮಹಿಳೆಯರು ಸತ್ತಿದ್ದರು. 2016ರಲ್ಲಿ ಸುಪ್ರೀಂ ಕೋರ್ಟ್ ಈ ಕ್ಯಾಂಪುಗಳನ್ನು ಮೂರು ವರ್ಷದೊಳಗೆ ನಿಲ್ಲಿಸುವಂತೆ ಸರ್ಕಾರಗಳಿಗೆ ಹೇಳಿತು.

ಗ್ಯಾಸೇ ಬೇಡವೆನ್ನುವ ದಾರಿಯೂ ಇದೆ. ಈಶಾನ್ಯ ಭಾರತದ ಹಳ್ಳಿಗಳಲ್ಲಿ ಕೆಲಸ ಮಾಡಿದ ಸರ್ಜನ್ ಜೆ. ಜ್ಞಾನರಾಜ್ ಬೆಳೆಸಿದ ವಿಧಾನದಲ್ಲಿ ಹೊಕ್ಕುಳ ಬಳಿಯ ಸಣ್ಣ ಗಾಯದಿಂದ ಉಕ್ಕಿನ ಉಂಗುರವೊಂದನ್ನು ಒಳಗೆ ತೂರಿಸಿ ಹೊಟ್ಟೆಯ ಗೋಡೆಯನ್ನು ಮೇಲಕ್ಕೆ ಎತ್ತಿ ಹಿಡಿಯುತ್ತಾರೆ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದವರು ಇದನ್ನು ತಿದ್ದಿ ಸುಧಾರಿಸುವಲ್ಲಿ ಕೈಜೋಡಿಸಿದ್ದಾರೆ. ವಪೆಯ ಮೇಲೆ ಒತ್ತಡ ಬೀಳದ ಕಾರಣ ಬೆನ್ನಿಗೆ ಕೊಡುವ ಅರಿವಳಿಕೆಯಲ್ಲೇ ಹಲವು ಆಪರೇಷನ್ ಮುಗಿಯುತ್ತದೆ. ಖಾಯಂ ಅರಿವಳಿಕೆ ತಜ್ಞರಿಲ್ಲದ, ಸಿಲಿಂಡರಿಗೆ ಜಿಲ್ಲಾ ಕೇಂದ್ರದ ದಾರಿ ಕಾಯುವ ಆಸ್ಪತ್ರೆಗೆ ಇದು ಸಣ್ಣ ಸಂಗತಿಯಲ್ಲ. ಕೊರತೆಯೂ ಉಂಟು: ಗ್ಯಾಸ್ ತುಂಬಿದಾಗ ಹೊಟ್ಟೆ ಎಲ್ಲ ಕಡೆ ಸಮನಾಗಿ ಉಬ್ಬುತ್ತದೆ, ಇಲ್ಲಿ ಎತ್ತಿದ ನಡುಭಾಗ ಮಾತ್ರ ಏರಿ ಪಕ್ಕಗಳು ಇಕ್ಕಟ್ಟಾಗಿಯೇ ಉಳಿಯುತ್ತವೆ. ದಪ್ಪ ಮೈಯವರಲ್ಲಿ ಆ ಜಾಗ ಸಾಲದೆ ಹೋಗಬಹುದು. ಅಂಥವರನ್ನು ಗ್ಯಾಸಿನ ಸೌಕರ್ಯವಿರುವ ಕಡೆಗೇ ಕಳಿಸಬೇಕಾಗುತ್ತದೆ.