ಮೂಲಕ್ಕೆ ಬಡಿದ ಸಿಡಿಲು ಪ್ರತಿಗೆ ಬಡಿಯದಿರಲಿ

ತುಲಾ ತಿಂಗಳ ಸಂಜೆ ಮೂಡು ದಿಕ್ಕಿನಲ್ಲಿ ಮೋಡ ಕಟ್ಟಿದರೆ ಸಾಕು, ಕಾಸರಗೋಡಿನ ಮನೆಗಳಲ್ಲಿ ಟಿ.ವಿ.ಯ ಪ್ಲಗ್ ಕಳಚಿಡುತ್ತಾರೆ. ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ದುಡಿಯುವವರೂ ಹಾಗೆಯೇ ಮಾಡುತ್ತಾರೆ. ಆದರೆ ಮೋಡೆಮ್‌ನಿಂದ ಕಂಪ್ಯೂಟರಿಗೆ ಬರುವ ತಾಮ್ರದ ಕೇಬಲ್ಲನ್ನು ಮರೆಯುತ್ತಾರೆ. ಬದಿಯಡ್ಕದ ಬಳಿ ಡಿ.ಟಿ.ಪಿ. ಕೆಲಸ ಮಾಡುವ ಅಕ್ಕ ಒಬ್ಬರ ಮನೆಗೆ ಸಿಡಿಲು ಆ ದಾರಿಯಲ್ಲೇ ನುಗ್ಗಿತು. ಬ್ಯಾಕಪ್ (ಕಡತಗಳ ಇನ್ನೊಂದು ಪ್ರತಿ) ಇರಿಸಿದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಯು.ಎಸ್.ಬಿ.ಗೆ ಸಿಕ್ಕಿಸಿಯೇ ಇದ್ದುದರಿಂದ ಕಂಪ್ಯೂಟರ್, ಡಿಸ್ಕ್ ಎರಡೂ ಒಟ್ಟಿಗೆ ಸುಟ್ಟುಹೋದವು. ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಯೊಂದನ್ನು ಅವರು ಮೊದಲ ಪುಟದಿಂದ ಮತ್ತೆ ಟೈಪ್ ಮಾಡಬೇಕಾಯಿತು.

ಅವರು ಬ್ಯಾಕಪ್ ಮಾಡದವರಲ್ಲ, ದಿನವೂ ಮಾಡುತ್ತಿದ್ದವರು. ಆದುದರಿಂದಲೇ ಆ ಘಟನೆ ನನ್ನನ್ನು ಹೆಚ್ಚು ಕಾಡಿತು. ಮೂಲಕ್ಕೆ ಬಂದ ಆಪತ್ತು ಪ್ರತಿಗೂ ತಗಲುವಂತಿದ್ದರೆ ಅದನ್ನು ಬ್ಯಾಕಪ್ ಎನ್ನಲಾಗದು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ, ಕಡತ ಬಿಡಿಸಲು ಹಣ ಕೇಳುವ ವಾನಾಕ್ರೈಯಂತಹ ರ‍್ಯಾನ್ಸಮ್‌ವೇರ್ ಕೂಡ ಕಂಪ್ಯೂಟರಿಗೆ ಜೋಡಿಸಿದ ಡಿಸ್ಕುಗಳ ಕಡತಗಳಿಗೂ ಬೀಗ ಜಡಿಯುತ್ತದೆ. ಗೂಗಲ್ ಡ್ರೈವ್‌ನೊಂದಿಗೆ ಸಿಂಕ್ ಮಾಡಿಟ್ಟರೆ, ಅಂದರೆ ಎರಡೂ ಕಡೆ ಒಂದೇ ಆಗಿರುವಂತೆ ಜೋಡಿಸಿಟ್ಟರೆ, ಸಾಕೆಂದು ನಂಬಿದವರು ಬಹಳ ಮಂದಿ ಇದ್ದಾರೆ. ಆದರೆ ಸಿಂಕ್ ಮಾಡಿದ ಕಡತವನ್ನು ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ, 30 ದಿನ ಟ್ರ್ಯಾಶ್‌ನಲ್ಲಿದ್ದು ಆಮೇಲೆ ಶಾಶ್ವತವಾಗಿ ಹೋಗುತ್ತದೆ. ಅಂಗಡಿಗೆ ಒಯ್ದು ರಿಕವರಿ ಮಾಡಿಸಿದರಾಯಿತು ಎಂಬ ಹಳೆಯ ಧೈರ್ಯವೂ ಈಗ ನಡೆಯದು, ತಿರುಗುವ ತಟ್ಟೆಯ ಬದಲು ಚಿಪ್ಪುಗಳಿರುವ ಎಸ್‌.ಎಸ್‌.ಡಿ.ಗಳಲ್ಲಿ ಅಳಿಸಿದ ಕಡತದ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ತಾನಾಗಿ ಖಾಲಿ ಮಾಡುವುದರಿಂದ ನಮ್ಮಂತಹವರ ಕೈಗೆ ಹೆಚ್ಚಾಗಿ ಏನೂ ಸಿಗುವುದಿಲ್ಲ.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ ಎಂಬುದು ನಮ್ಮ ವೃತ್ತಿಯಲ್ಲಿ ಎಲ್ಲರೂ ಒಪ್ಪಿದ ಲೆಕ್ಕ. ನಾನು ಹೇಳಿಕೊಡುವುದು ಕಂಪ್ಯೂಟರಿನಲ್ಲಿರುವ ಮೂಲದ ಜೊತೆಗೆ ಎರಡು ಡಿಸ್ಕುಗಳ ಕ್ರಮ: ಒಂದು ಮನೆಯಲ್ಲಿ, ಇನ್ನೊಂದು ಕುಂಬಳೆಯಲ್ಲೋ ಪೆರ್ಲದಲ್ಲೋ ಇರುವ ನೆಂಟರ ಮನೆಯಲ್ಲಿ, ವಾರಕ್ಕೊಮ್ಮೆ ಅದಲುಬದಲು. ಕೆಲಸ ಮುಗಿದ ಕೂಡಲೇ ಡಿಸ್ಕನ್ನು ಕಳಚಿ, ಮಳೆಗಾಲದ ತೇವ ತಾಗದಂತೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಳವಿರುವ ಡಬ್ಬಿಯಲ್ಲಿಡಬೇಕು. ಗಿರಾಕಿಗಳ ಮಾಹಿತಿ ಹೊರಗೆ ಹೋಗುವುದರಿಂದ ಡಿಸ್ಕಿಗೆ ವಿಂಡೋಸಿನ ಬೀಗವಾದ ಬಿಟ್‌ಲಾಕರ್ ಹಾಕಿ, ಅದರ 48 ಅಂಕೆಗಳ ರಿಕವರಿ ಕೀಲಿಯನ್ನು ಕಾಗದದಲ್ಲಿ ಬರೆದು ಬೇರೆಡೆ ಇಡಬೇಕು.

ಜಿ.ಎಸ್‌.ಟಿ. ಲೆಕ್ಕ ಬರೆಯುವವರು ಇನ್ನೊಂದನ್ನು ಗಮನಿಸಬೇಕು. ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳವರೆಗೆ ದಾಖಲೆಗಳನ್ನು ಉಳಿಸಿಡಬೇಕೆಂದು ಕಾನೂನು ಹೇಳುತ್ತದೆ. ಹಾಗಾಗಿ ಹಳೆಯ ವರ್ಷದ ಪ್ರತಿಯ ಮೇಲೆ ಹೊಸತನ್ನು ಬರೆಯದೆ, ವರ್ಷಕ್ಕೊಂದು ಫೋಲ್ಡರ್ ಬೇರೆಯಾಗಿಯೇ ಇರಬೇಕು.

ಮೂರು ತಿಂಗಳಿಗೊಮ್ಮೆ ಬ್ಯಾಕಪ್ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ನಾಲ್ಕಾರು ಕಡತಗಳನ್ನು ನಿಜವಾಗಿಯೂ ತೆರೆದು ನೋಡಬೇಕೆಂದು ನಾನು ಒತ್ತಾಯಿಸುತ್ತೇನೆ. ಬದಿಯಡ್ಕದ ಅಕ್ಕನ ಹೊಸ ಡಿಸ್ಕನ್ನು ಹೀಗೆ ಪರೀಕ್ಷಿಸಿದಾಗ ಪುಟಗಳೆಲ್ಲ ತೆರೆದುಕೊಂಡವು, ಆದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಿದ್ದವು. ಎಲ್ಲ ಕಂಪ್ಯೂಟರುಗಳೂ ಓದುವ ಯುನಿಕೋಡ್ ಲಿಪಿಸಂಕೇತವಲ್ಲದ, ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದ ಆ ಪುಟಗಳಿಗೆ ಬೇಕಾದ ಫಾಂಟ್ ಆ ಕಂಪ್ಯೂಟರಿನಲ್ಲಿ ಇರಲಿಲ್ಲ. ಫಾಂಟ್‌ಗಳ ಫೋಲ್ಡರನ್ನೂ ಅಂದೇ ಎರಡು ಡಿಸ್ಕುಗಳಿಗೆ ಸೇರಿಸಿದೆವು.